ಅಣುವಿಗೊಂದು ಆಕಾರ

ಕಳೆದ ಮಳೆಗಾಲದ ಒಂದು ಸಂಜೆ. ಹೊರಗೆ ಮುಂಬಯಿಯ ಮಳೆ. ಒಳಗೆ ನಮ್ಮ ಮೊಮ್ಮಗಳ ಕಣ್ಣಲ್ಲೂ ಅದೇ ಮಳೆ. ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರದ ಪುಸ್ತಕ ಮಡಿಲಲ್ಲಿ ತೆರೆದು ಬಿದ್ದಿತ್ತು. ಅಜ್ಜಿ ಕೊಟ್ಟ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.

“ಯಾಕವ್ವಾ, ಏನಾತು?” ಎಂದು ಕೇಳಿದೆವು.

“ಇದು ನನ್ನ ತಲಿಗೆ ಹೋಗೂದಿಲ್ಲಜ್ಜಾ. ನಾ ಸೈನ್ಸ್ ಬಿಟ್ಟು ಕಾಮರ್ಸಿಗೆ ಹೋಗ್ತೀನಿ.”

ಪುಸ್ತಕವನ್ನು ಕೈಗೆತ್ತಿಕೊಂಡು ನೋಡಿದೆವು. ಅದರ ನಡುವೆ ಟ್ಯೂಷನ್ ಕ್ಲಾಸಿನವರು ಕೊಟ್ಟ ಒಂದು ಹಾಳೆ. ಒಂದು ಕಡೆ ಇಪ್ಪತ್ತು ಅಣುಗಳ ಹೆಸರು, ಅವುಗಳ ಎದುರಿಗೆ ಇಪ್ಪತ್ತು ಆಕಾರಗಳ ಹೆಸರು, ಅದರ ಮುಂದೆ ಇಪ್ಪತ್ತು ಕೋನಗಳು. ಸೋಮವಾರದೊಳಗೆ ಬಾಯಿಪಾಠವಾಗಬೇಕು ಎಂದು ಅಪ್ಪಣೆ. “ಯಾಕ ಹಿಂಗ ಅಂತ ಕೇಳಿದರ, ಪೋರ್ಶನ್ ಮುಗೀಬೇಕು, ಪ್ರಶ್ನಿ ಆಮ್ಯಾಲ ಅಂತಾರ,” ಎಂದಳು ಹುಡುಗಿ. ನಾವು ಏನೋ ಹೇಳಲು ಬಾಯಿ ತೆರೆದಾಗ ಅವಳೇ ತಡೆದಳು. “ಬಿಡ್ರಿ ಅಜ್ಜಾ. ನಿಮ್ದು ಕನ್ನಡದಾಗಿನ ಸೈನ್ಸ್. ನಮ್ದು ಬ್ಯಾರೆ.”

ಮಗು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೂ ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಹತ್ತಲಿಲ್ಲ. ನಮ್ಮಲ್ಲೊಬ್ಬರು ಧಾರವಾಡದ ಕಡೆಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವರು. ಇನ್ನೊಬ್ಬರು ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳುತ್ತಲೇ ಮನೆಯನ್ನೂ ನಡೆಸಿದವರು. ಊರು ಬಿಟ್ಟು ಮಗನ ಮನೆಗೆ ಬಂದ ಮುದುಕರ ಸಂಕಟ ಏನೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಮಗೆ ಊಟವುಂಟು, ಪ್ರೀತಿಯುಂಟು, ಲಿಫ್ಟೂ ಉಂಟು. ನಮ್ಮಿಂದ ಆಗಬೇಕಾದ ಕೆಲಸವೊಂದಿಲ್ಲ. ಮೊಮ್ಮಗಳ ಪಾಠವೂ ನಮಗೆ ಹೊರತಾದದ್ದೇ ಎಂದಾದರೆ, ಮನೆಯ ಗೋಡೆಗೆ ತೂಗು ಹಾಕಿದ ಫೋಟೋಗಳಿಗೂ ನಮಗೂ ಏನು ಭೇದ?

ಬೆಳಿಗ್ಗೆ ಎದ್ದವರೇ ಕೆಳಗಿನ ಅಂಗಡಿಯಿಂದ ಒಂದು ಪೊಟ್ಟಣ ಬಲೂನು ತರಿಸಿದೆವು.

ಬಲೂನಿನ ಸಂಗತಿಗೆ ಬರುವ ಮೊದಲು ನಾಲ್ಕು ಮಾತು. ಅಣುವೆಂದರೆ ಪರಮಾಣುಗಳು ಕೈ ಕೈ ಹಿಡಿದ ಒಂದು ಕುಟುಂಬ. ಈ ಕೈ ಹಿಡಿಯುವಿಕೆ ನಡೆಯುವುದು ಎಲೆಕ್ಟ್ರಾನುಗಳ ಮೂಲಕ. ಒಂದು ಬಂಧಕ್ಕೆ ಎರಡು ಎಲೆಕ್ಟ್ರಾನುಗಳ ಒಂದು ಜೋಡಿ ಬೇಕೆಂಬ ವಿಚಾರವನ್ನು 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಮುಂದಿಟ್ಟರು. ಕಾಗದದ ಮೇಲೆ ಚುಕ್ಕೆಯಿಟ್ಟು ಅಣುವನ್ನು ಬರೆಯುವ ಇಂದಿನ ಪದ್ಧತಿ ಅವರದೇ. ಆದರೆ ಕಾಗದ ಚಪ್ಪಟೆ, ಅಣು ಚಪ್ಪಟೆಯಲ್ಲ. ಮಕ್ಕಳ ತೊಡಕೆಲ್ಲ ಹುಟ್ಟುವುದು ಇಲ್ಲೇ.

ನಮ್ಮ ಪ್ರಶ್ನೆ ಇಷ್ಟೇ: ನಡುವೆ ಒಂದು ಪರಮಾಣು ಇದೆ, ಅದರ ಸುತ್ತ ನಾಲ್ಕು ಜೋಡಿ ಎಲೆಕ್ಟ್ರಾನು ಇವೆ. ಈ ಜೋಡಿಗಳಿಗೆ ಒಂದನ್ನು ಕಂಡರೆ ಒಂದಕ್ಕೆ ಆಗದು. ಒಂದೇ ಅಂಗಳದಲ್ಲಿ ಇರಬೇಕಾಗಿ ಬಂದ ದಾಯಾದಿಗಳ ಹಾಗೆ ಪ್ರತಿಯೊಂದೂ ಉಳಿದವುಗಳಿಂದ ಆದಷ್ಟು ದೂರ ಸರಿದು ನಿಲ್ಲುತ್ತದೆ. ಹಾಗಾದರೆ ನಾಲ್ವರು ಎಲ್ಲೆಲ್ಲಿ ನಿಂತಾರು?

“ನಾಕು ಮೂಲ್ಯಾಗ,” ಎಂದಳು ಮೊಮ್ಮಗಳು, ಕಾಗದದ ಮೇಲೆ ಅಧಿಕ ಚಿಹ್ನೆ ಬರೆದು. “90 ಡಿಗ್ರಿ.”

ಆಗ ಬಲೂನು ಹೊರಗೆ ಬಂದವು. ಎರಡನ್ನು ಊದಿ ಬಾಯಿಗೆ ಬಾಯಿ ಗಂಟು ಹಾಕಿದೆವು. ಅವು ಎದುರುಬದುರಾಗಿ ನೆಟ್ಟಗೆ ನಿಂತವು. ಮೂರನ್ನು ಕಟ್ಟಿದೆವು, ತಲೆಯ ಮೇಲೆ ತಿರುಗುವ ಫ್ಯಾನಿನ ಮೂರು ರೆಕ್ಕೆಗಳಂತೆ 120 ಡಿಗ್ರಿಗೊಂದು ಹರಡಿಕೊಂಡವು. ಇಲ್ಲಿಯ ತನಕ ಕಾಗದಕ್ಕೂ ಬಲೂನಿಗೂ ಜಗಳವಿಲ್ಲ. ನಾಲ್ಕನೆಯದನ್ನು ಕಟ್ಟಿದಾಗ ಮಾತ್ರ ಗೊಂಚಲು ತಾನಾಗಿಯೇ ಹೊರಳಿ, ಮೂರು ಬಲೂನು ಕೆಳಗೆ ಕಾಲೂರಿ, ಒಂದು ಮೇಲಕ್ಕೆದ್ದಿತು. ಮೊಮ್ಮಗಳು ಅದನ್ನು ಕೈಯಿಂದ ಒತ್ತಿ ಚಪ್ಪಟೆ ಮಾಡಿದಳು. ಬಿಟ್ಟ ಕೂಡಲೆ ಮತ್ತೆ ಮೇಲೆದ್ದಿತು. ಹೇಗೆ ತಿರುಗಿಸಿ ಇಟ್ಟರೂ ಅದೇ ಕಥೆ.

“ಇದನ್ನ ನಾವು ಸಣ್ಣವರಿದ್ದಾಗ ಕಾಲಿನಿಂದ ಕಲತೇವಿ,” ಎಂದು ಅಜ್ಜಿ ನಕ್ಕರು. ನಮ್ಮ ಕಡೆಯ ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ನೆಗ್ಗಿನ ಮುಳ್ಳು ಗೊತ್ತು. ಅದು ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ. ಮುಂಬಯಿಯ ಮಕ್ಕಳಿಗೆ ನೆಗ್ಗಿನ ಮುಳ್ಳು ಎಲ್ಲಿಂದ ಬರಬೇಕು? ಆದರೆ ಅವರಿಗೆ ಮರೀನ್ ಡ್ರೈವ್ ಇದೆ. ಅಲ್ಲಿ ತೆರೆಗಳ ಹೊಡೆತ ತಡೆಯಲು ಕಡಲಂಚಿಗೆ ರಾಶಿ ಹಾಕಿರುವ ನಾಲ್ಕು ಕಾಲಿನ ಕಾಂಕ್ರೀಟು ದಿಮ್ಮಿಗಳನ್ನು ಯಾರು ನೋಡಿಲ್ಲ? ಹೇಗೆ ಉರುಳಿದರೂ ಮೂರು ಕಾಲು ನೆಲಕ್ಕೆ, ಒಂದು ಮೇಲಕ್ಕೆ. ಆ ಕಾಲುಗಳ ನಡುವಿನ ಕೋನ ಎಲ್ಲ ಕಡೆಗೂ ಒಂದೇ: ಸುಮಾರು 109.5 ಡಿಗ್ರಿ. ಕಾಗದದ ಮೇಲೆ ನಾಲ್ವರಿಗೆ ಸಿಗುವ ಅಂತರ 90 ಡಿಗ್ರಿ ಮಾತ್ರ. ಮೇಲೆ ಕೆಳಗೆ ಸರಿಯಲು ಬಿಟ್ಟರೆ 109.5. ಬುದ್ಧಿಯುಳ್ಳವರು ಯಾವುದನ್ನು ಆರಿಸಿಕೊಂಡಾರು? ಇದಕ್ಕೆ ಚತುಷ್ಫಲಕವೆಂದು ಹೆಸರು. ನಾಲ್ಕು ತುದಿಗಳನ್ನು ದಾರದಿಂದ ಜೋಡಿಸಿದರೆ ನಾಲ್ಕು ತ್ರಿಕೋನ ಮುಖಗಳ ಒಂದು ಗೋಪುರವಾಗುತ್ತದೆ. ಅದಕ್ಕೇ ಆ ಹೆಸರು.

ನಮ್ಮ ಅಡುಗೆಮನೆಗೆ ಕೊಳವೆಯಲ್ಲಿ ಬರುವ ಅನಿಲ ಬಹುಪಾಲು ಮಿಥೇನ್. ನಡುವೆ ಒಂದು ಇಂಗಾಲ, ಸುತ್ತ ನಾಲ್ಕು ಜಲಜನಕ. ಮರೀನ್ ಡ್ರೈವಿನ ದಿಮ್ಮಿಯ ಆಕಾರವೇ ಅದರದು. ಅಷ್ಟು ದೊಡ್ಡ ಕಡಲ ದಿಮ್ಮಿಯೂ ಕಣ್ಣಿಗೆ ಕಾಣದ ಅಣುವೂ ಒಂದೇ ಆಕಾರ ತಾಳಿರುವುದನ್ನು ಕೇಳಿ ಮೊಮ್ಮಗಳು ಒಲೆಯ ನೀಲಿ ಉರಿಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು.

ಇಂಗಾಲದ ಈ ನಾಲ್ಕು ಕೈಗಳ ಕಥೆ ಎಲೆಕ್ಟ್ರಾನು ಪತ್ತೆಯಾಗುವ ಮುಂಚಿನದು. 1848ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಭೂತಗನ್ನಡಿಯ ಕೆಳಗಿಟ್ಟು, ಎಡಗೈ ಬಲಗೈಗಳಂತಿದ್ದ ಎರಡು ಬಗೆಯ ಹರಳುಗಳನ್ನು ಒಂದೊಂದಾಗಿ ಆರಿಸಿ ಬೇರ್ಪಡಿಸಿದರು. ಟಾರ್ಟಾರಿಕ್ ಆಮ್ಲವೆಂದರೆ ಬೇರೇನೂ ಅಲ್ಲ. ನಮ್ಮ ಸಾರಿನ ಹುಣಸೆಗೆ ಹುಳಿ ಕೊಡುವ ಆಮ್ಲವೇ ಅದು. ಒಂದೇ ಬಗೆಯ ಪರಮಾಣುಗಳು, ಅಷ್ಟೇ ಸಂಖ್ಯೆ, ಆದರೂ ಎರಡು ರೂಪವೇಕೆ? 1874ರಲ್ಲಿ ಹಾಲೆಂಡಿನ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲೆ ಬೆಲ್ ಎಂಬ ಇಬ್ಬರು ತರುಣರು ಬೇರೆ ಬೇರೆಯಾಗಿ ಉತ್ತರ ಹೇಳಿದರು: ಇಂಗಾಲದ ನಾಲ್ಕು ಕೈಗಳು ಚತುಷ್ಫಲಕದ ನಾಲ್ಕು ಮೂಲೆಗಳಿಗೆ ಚಾಚಿವೆ, ನಾಲ್ಕು ಕೈಯಲ್ಲೂ ಬೇರೆ ಬೇರೆ ವಸ್ತುವಿದ್ದರೆ ಎಡ-ಬಲದ ಭೇದ ತಾನಾಗಿ ಬರುತ್ತದೆ. ವಾಂಟ್ ಹಾಫರಿಗೆ ಆಗ 22 ವರ್ಷ. ರಟ್ಟಿನ ಚತುಷ್ಫಲಕಗಳನ್ನು ಮಾಡಿ ಅವರು ವಿದ್ವಾಂಸರಿಗೆ ಕಳುಹಿಸಿದರು. ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಕೋಲ್ಬೆ 1877ರಲ್ಲಿ, ಪಶುವೈದ್ಯ ಶಾಲೆಯ ಈ ಮಾಸ್ತರನಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ಅಚ್ಚಿನಲ್ಲೇ ಹೀಯಾಳಿಸಿದರು. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕ ಸಂದದ್ದು ಅದೇ ವಾಂಟ್ ಹಾಫರಿಗೆ. ಪಾರಿತೋಷಕ ಬಂದದ್ದು ಅವರ ಬೇರೆ ಸಂಶೋಧನೆಗೆ ಎಂಬುದು ನಿಜ. ಆದರೆ ರಟ್ಟಿನ ಆಟಿಕೆಯೂ ಸುಳ್ಳಾಗಲಿಲ್ಲ.

ಇನ್ನು ಲೆಕ್ಕದ ಮಾತು. ಇದು ಎಷ್ಟು ಸುಲಭವೆಂದರೆ ನಮ್ಮಲ್ಲಿ ಲೆಕ್ಕ ಹೇಳಿದವರು ಸಂತೆಯ ಲೆಕ್ಕದ ಹಾಗೆ ಬೆರಳಲ್ಲೇ ಮಾಡಿ ತೋರಿಸಿದರು. ನಡುವಿನ ಪರಮಾಣುವಿನ ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ನೋಡಿ. ಒಂಟಿ ಬಂಧದಿಂದ ಅಂಟಿಕೊಂಡ ಪ್ರತಿಯೊಂದು ಪರಮಾಣುವಿಗೂ ಒಂದೊಂದು ಕೂಡಿಸಿ. ಬಂದದ್ದನ್ನು ಎರಡರಿಂದ ಭಾಗಿಸಿ. ಅಷ್ಟು ಜೋಡಿಗಳು, ಅಷ್ಟು ಬಲೂನುಗಳು.

ಮಿಥೇನಿನ ಇಂಗಾಲಕ್ಕೆ 4, ಜಲಜನಕಗಳಿಂದ 4. ಒಟ್ಟು 8, ಅಂದರೆ 4 ಜೋಡಿ. ಅಮೋನಿಯದ ಸಾರಜನಕಕ್ಕೆ 5, ಜಲಜನಕಗಳಿಂದ 3. ಮತ್ತೆ 4 ಜೋಡಿ. ನೀರಿನ ಆಮ್ಲಜನಕಕ್ಕೆ 6, ಜಲಜನಕಗಳಿಂದ 2. ಇಲ್ಲೂ 4 ಜೋಡಿಯೇ.

“ಹಂಗಾರ ಮೂರೂ ಒಂದ ಆಕಾರ ಇರಬೇಕಲಾ?” ಎಂದಳು ಮೊಮ್ಮಗಳು. ಪ್ರಶ್ನೆ ಸರಿಯಾದ ಜಾಗಕ್ಕೆ ಬಂದಿತ್ತು.

ಮೂರರಲ್ಲೂ ಬಲೂನುಗಳು ನಾಲ್ಕೇ. ಆದರೆ ಮಿಥೇನಿನಲ್ಲಿ ನಾಲ್ಕು ಬಲೂನಿನ ತುದಿಯಲ್ಲೂ ಒಂದೊಂದು ಜಲಜನಕವಿದೆ. ಅಮೋನಿಯದಲ್ಲಿ ಮೂರರ ತುದಿಯಲ್ಲಿ ಮಾತ್ರ. ನಾಲ್ಕನೆಯ ಜೋಡಿಗೆ ಜೊತೆಗಾರನಿಲ್ಲ. ಅದು ಒಂಟಿ ಜೋಡಿ. ನೀರಿನಲ್ಲಿ ಇಂಥ ಒಂಟಿ ಜೋಡಿಗಳು ಎರಡು. ಆಕಾರಕ್ಕೆ ಹೆಸರಿಡುವಾಗ ಪರಮಾಣುಗಳು ಎಲ್ಲಿವೆ ಎಂಬುದನ್ನಷ್ಟೆ ನೋಡುತ್ತಾರೆ. ಒಂಟಿ ಜೋಡಿಯನ್ನು ಹೆಸರಿನಲ್ಲಿ ಸೇರಿಸುವುದಿಲ್ಲ. ಅದು ಕಂಪನಿ ನಾಟಕದಲ್ಲಿ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವವನಿದ್ದಂತೆ. ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಆದರೆ ಅವನಿಲ್ಲದೆ ಆಟವಿಲ್ಲ. ಆದಕಾರಣ ಅಮೋನಿಯದ ಆಕಾರ ಮೂರು ಕಾಲಿನ ಅಡ್ಡಣಿಗೆ. ನೀರಿನದು ಬಾಗಿದ ಕವಣೆಯ ಕವಲು. ಮಕ್ಕಳು ಪರೀಕ್ಷೆಯಲ್ಲಿ ಎಡವುವುದು ಬಹುತೇಕ ಇಲ್ಲೇ. ಜೋಡಿಗಳ ವ್ಯವಸ್ಥೆ ಬೇರೆ, ಅಣುವಿನ ಆಕಾರ ಬೇರೆ.

ಒಂಟಿ ಜೋಡಿಗೆ ಇನ್ನೊಂದು ಗುಣವುಂಟು: ಅದು ಹೆಚ್ಚು ಜಾಗ ಹಿಡಿಯುತ್ತದೆ. ಕಾರಣವನ್ನು ಅಜ್ಜಿಯೇ ತೋರಿಸಿಕೊಟ್ಟರು. ಒಗೆದ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಎಳೆದರೆ ಅದು ಬಿಗಿಯಾಗಿ ಸಣ್ಣ ಪಟ್ಟಿಯಾಗುತ್ತದೆ. ಒಬ್ಬರೇ ಹಿಡಿದರೆ ಆ ತುದಿ ಸಡಿಲಾಗಿ ಹರಡಿಕೊಳ್ಳುತ್ತದೆ. ಬಂಧದ ಜೋಡಿಯನ್ನು ಎರಡು ಪರಮಾಣುಗಳು ಎರಡೂ ಕಡೆಯಿಂದ ಎಳೆದಿಟ್ಟಿವೆ. ಒಂಟಿ ಜೋಡಿಯನ್ನು ಹಿಡಿದದ್ದು ನಡುವಿನ ಪರಮಾಣು ಒಂದೇ. ಆದ್ದರಿಂದ ಅದು ಹರಡಿಕೊಂಡು ಪಕ್ಕದವರನ್ನು ಒತ್ತುತ್ತದೆ. ಲೋಕಲ್ ರೈಲಿನ ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ತುದಿಗೆ ಕೂತವರಿಗೆ ಈ ಒತ್ತಡ ಚೆನ್ನಾಗಿ ತಿಳಿದೀತು! ಮಿಥೇನಿನಲ್ಲಿ 109.5 ಇದ್ದ ಕೋನ, ಒಂದು ಒಂಟಿ ಜೋಡಿಯ ಒತ್ತಡದಿಂದ ಅಮೋನಿಯದಲ್ಲಿ ಸುಮಾರು 107 ಆಗುತ್ತದೆ. ಎರಡರ ಒತ್ತಡದಿಂದ ನೀರಿನಲ್ಲಿ 104.5ಕ್ಕೆ ಇಳಿಯುತ್ತದೆ. ನಾವು ಎರಡು ಬಲೂನುಗಳನ್ನು ದೊಡ್ಡದಾಗಿ ಊದಿ ತೋರಿಸಿದೆವು. ಸಣ್ಣವೆರಡೂ ಹತ್ತಿರ ಹತ್ತಿರ ಸರಿದವು. ಆ ಹಾಳೆಯ ಮೇಲಿನ ಮೂರು ಅಂಕಿಗಳನ್ನು ಬಾಯಿಪಾಠ ಮಾಡುವ ಅಗತ್ಯ ಅಲ್ಲಿಗೆ ಮುಗಿಯಿತು.

ಎರಡು ಬಂಧಗಳು ಒಂದೇ ಜಾಗದಲ್ಲಿ ಸೇರಿ ಜೋಡಿಬಂಧವಾಗಿದ್ದರೆ ಆಕಾರದ ಮಟ್ಟಿಗೆ ಅದನ್ನು ಒಂದೇ ಬಲೂನೆಂದು ಎಣಿಸಬೇಕು. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲಿ ಇಂಗಾಲದ ಎರಡು ಪಕ್ಕಕ್ಕೂ ಇಂಥ ಒಂದೊಂದು ಜೋಡಿಬಂಧ. ಹಾಗಾಗಿ ಎರಡೇ ಬಲೂನು. ಕಾವಡಿ ಹೊತ್ತವನ ಎರಡು ಕೊಡಗಳಂತೆ 180 ಡಿಗ್ರಿಯಲ್ಲಿ ನೆಟ್ಟಗಿನ ಅಣು. ಬೋರಾನ್ ಟ್ರೈಫ್ಲೋರೈಡಿಗೆ ಮೂರು. ಅದು ಚಪ್ಪಟೆ ಫ್ಯಾನು. ರಂಜಕದ ಪೆಂಟಾಕ್ಲೋರೈಡಿಗೆ ಐದು. ಅದೇ ಫ್ಯಾನಿಗೆ ಮೇಲೊಂದು ಕೆಳಗೊಂದು ಕಡ್ಡಿ ಸೇರಿಸಿದಂತೆ. ಗಂಧಕದ ಹೆಕ್ಸಾಫ್ಲೋರೈಡಿಗೆ ಆರು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಆಕಾಶ, ಪಾತಾಳ.

ಜೋಡಿಗಳ ಸಂಖ್ಯೆಗೂ ಆಕಾರಕ್ಕೂ ಇರುವ ನಂಟನ್ನು 1940ರಲ್ಲಿ ಇಂಗ್ಲೆಂಡಿನ ಸಿಜ್‌ವಿಕ್ ಮತ್ತು ಪೊವೆಲ್ ಎತ್ತಿ ತೋರಿಸಿದರು. ಅದನ್ನು ಒಂಟಿ ಜೋಡಿಯ ಒತ್ತಡದವರೆಗೆ ಬೆಳೆಸಿ ನಿಯಮವಾಗಿಸಿದವರು ರೊನಾಲ್ಡ್ ಗಿಲೆಸ್ಪಿ ಮತ್ತು ರೊನಾಲ್ಡ್ ನೈಹೋಮ್, ಇಸವಿ 1957. ಇಬ್ಬರೂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದವರು. ನೈಹೋಮ್ ಹುಟ್ಟಿದ್ದು ಆಸ್ಟ್ರೇಲಿಯದ ಬ್ರೋಕನ್ ಹಿಲ್ ಎಂಬ ಗಣಿಯೂರಿನಲ್ಲಿ. ಅಲ್ಲಿಯ ಬೀದಿಗಳಿಗೆ ಕ್ಲೋರೈಡು, ಸಲ್ಫೈಡು, ಆಕ್ಸೈಡು ಎಂದೇ ಹೆಸರು. ಅವರು 1971ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಗಿಲೆಸ್ಪಿ ಲಂಡನ್ ಬಿಟ್ಟು ಕೆನಡಕ್ಕೆ ಹೋಗಿ ನೆಲೆಸಿ, 2021ರವರೆಗೆ ಬಾಳಿದರು. ಹುಟ್ಟಿದೂರು ಬಿಟ್ಟವರೇ ಇಬ್ಬರೂ. ನಮ್ಮಂಥವರಿಗೆ ಅದರಲ್ಲೊಂದು ಸಣ್ಣ ಸಮಾಧಾನ.

ಎಲೆಕ್ಟ್ರಾನು ಜೋಡಿಗಳು ದೂರ ಸರಿಯುವುದು ಕೇವಲ ಒಂದೇ ಬಗೆಯ ವಿದ್ಯುತ್ತು ಇರುವ ಕಾರಣದಿಂದಲ್ಲ. 1925ರಲ್ಲಿ ಪೌಲಿ ಹೇಳಿದ, ಒಬ್ಬರ ಸ್ಥಾನದಲ್ಲಿ ಇನ್ನೊಬ್ಬರು ಕೂಡಲಾಗದೆಂಬ ನಿಯಮವೇ ಅದಕ್ಕೆ ಮುಖ್ಯ ಕಾರಣವೆಂದು ಗಿಲೆಸ್ಪಿ ಮತ್ತೆ ಮತ್ತೆ ಹೇಳುತ್ತಿದ್ದರು. ನಿಯಮಕ್ಕೆ ಒಳ್ಳೆಯ ಪರೀಕ್ಷೆಯೂ ಬೇಗನೆ ಒದಗಿತು. ಯಾರೊಡನೆಯೂ ಸೇರದ ಅನಿಲವೆಂದು ಹೆಸರಾಗಿದ್ದ ಕ್ಸೆನಾನಿನ ಸಂಯುಕ್ತಗಳು 1962ರಲ್ಲಿ ತಯಾರಾದವು. ಅವುಗಳಲ್ಲೊಂದಕ್ಕೆ ನಾಲ್ಕು ಫ್ಲೋರೀನು. ಲೆಕ್ಕ ಹಾಕಿ: 8 ಮತ್ತು 4, ಒಟ್ಟು 12, ಅಂದರೆ 6 ಜೋಡಿ. ನಾಲ್ಕು ಬಂಧ, ಎರಡು ಒಂಟಿ ಜೋಡಿ. ಒಂಟಿಗಳು ಒಂದು ಆಕಾಶಕ್ಕೆ, ಒಂದು ಪಾತಾಳಕ್ಕೆ. ಫ್ಲೋರೀನುಗಳು ನಡುವೆ ಚಪ್ಪಟೆ ಚೌಕ. ಅಳೆದು ನೋಡಿದಾಗ ಹಾಗೆಯೇ ಇತ್ತು. ಮೊಮ್ಮಗಳು ಮೊದಲ ದಿನ ಬರೆದ ಅಧಿಕ ಚಿಹ್ನೆಯೂ ಎಲ್ಲೋ ಒಂದು ಕಡೆ ನಿಜವಾಯಿತು!

ಆಕಾರ ತಿಳಿದು ಆಗುವುದೇನು ಎಂದು ಯಾರಾದರೂ ಕೇಳಿಯಾರು. ಒಂದು ಲೋಟ ನೀರನ್ನೇ ನೋಡಿರಿ. ನೀರಿನ ಅಣು ಬಾಗಿರುವುದರಿಂದ ಆಮ್ಲಜನಕದ ಕಡೆ ಸ್ವಲ್ಪ ಋಣ, ಜಲಜನಕಗಳ ಕಡೆ ಸ್ವಲ್ಪ ಧನ. ಉಪ್ಪು ಸಕ್ಕರೆಗಳು ಕರಗುವುದು, ನಮ್ಮ ರಕ್ತ ಹರಿಯುತ್ತ ಲವಣಗಳನ್ನು ಹೊತ್ತೊಯ್ಯುವುದು ಈ ಗುಣದಿಂದ. ನೀರೂ ಇಂಗಾಲದ ಡೈಆಕ್ಸೈಡಿನಂತೆ ನೆಟ್ಟಗಿದ್ದಿದ್ದರೆ ಎರಡು ಕಡೆಯ ಎಳೆತ ಒಂದಕ್ಕೊಂದು ವಜಾ ಆಗುತ್ತಿತ್ತು. ಮಂಜುಗಡ್ಡೆಯಲ್ಲಿ ಪ್ರತಿ ಅಣುವೂ ಸುತ್ತ ನಾಲ್ವರನ್ನು ಅದೇ ಚತುಷ್ಫಲಕದ ದಿಕ್ಕಿನಲ್ಲಿ ಹಿಡಿದು ನಿಲ್ಲುತ್ತದೆ. ನಡುವೆ ಜಾಗ ಖಾಲಿ ಬೀಳುವುದರಿಂದ ಅದು ನೀರಿಗಿಂತ ಹಗುರವಾಗಿ ತೇಲುತ್ತದೆ. ಕೆರೆಯ ಮೇಲ್ಮೈ ಹೆಪ್ಪುಗಟ್ಟಿದರೂ ಕೆಳಗೆ ಮೀನು ಬದುಕುವುದು ಇದರಿಂದಲೇ.

ಮೂಗಿಗೂ ಆಕಾರ ತಿಳಿಯುತ್ತದೆ. ಕಾರ್ವೋನ್ ಎಂಬ ಒಂದು ಪದಾರ್ಥವಿದೆ. ಅದರ ಒಂದು ರೂಪ ಒಂದು ಜಾತಿಯ ಪುದೀನದ ವಾಸನೆ ಕೊಡುತ್ತದೆ. ಅದರದೇ ಕನ್ನಡಿಯ ಪ್ರತಿಬಿಂಬದಂಥ ರೂಪ ಸಬ್ಬಸಿಗೆಯ ಬೀಜದಲ್ಲಿದೆ. ಪರಮಾಣುಗಳೆಲ್ಲ ಒಂದೇ, ಎಡಗೈ ಬಲಗೈ ಅಷ್ಟೇ ಭೇದ. ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಅವರು ತಮ್ಮ ಸಂಗಡಿಗರಾದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ನಕ್ಷೆಯ ತಿರುಳೂ ಇದಕ್ಕೆ ದೂರದ್ದಲ್ಲ: ಪ್ರೋಟೀನಿನ ಸರಪಳಿ ಪರಮಾಣುಗಳು ಒಂದನ್ನೊಂದು ತುಳಿಯದಂತೆ ಯಾವ ಯಾವ ಕೋನಕ್ಕೆ ಹೊರಳಬಲ್ಲದು ಎಂಬ ಲೆಕ್ಕ ಅದು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇಂದಿಗೂ ಜಗತ್ತಿನಲ್ಲೆಲ್ಲ ಪ್ರೋಟೀನಿನ ರಚನೆ ಬಿಡಿಸಿದವರು ಆ ನಕ್ಷೆಗೆ ಹಿಡಿದು ಸರಿನೋಡುತ್ತಾರೆ.

ನಮ್ಮ ಕಥೆಯ ಉಳಿದ ಭಾಗ ಚಿಕ್ಕದು. ಪರೀಕ್ಷೆಯಲ್ಲಿ ಮೊಮ್ಮಗಳು ತರಗತಿಗೆ ಮೊದಲಿಗಳಾಗಲಿಲ್ಲ; ಕಾಮರ್ಸಿನ ಮಾತನ್ನೂ ಮತ್ತೆ ಎತ್ತಲಿಲ್ಲ. ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವದ ದಿನ ಮಕ್ಕಳ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಕೇಳಿಕೊಂಡು, ಬಲೂನು ಹಿಡಿದು ವೇದಿಕೆ ಹತ್ತಿದಳು. ಮಾತು ಕನ್ನಡದ್ದು, ನಡುನಡುವೆ ಇಂಗ್ಲಿಷು, ಒಂದೆರಡು ಮರಾಠಿ. “ಒಂಟಿ ಜೋಡಿ” ಎಂದಾಗ ಸಭೆ ನಕ್ಕಿತು: ಒಂಟಿಯಾದದ್ದು ಜೋಡಿ ಹೇಗೆ? ಅವಳೂ ನಕ್ಕು, ಸೀರೆಯ ದೃಷ್ಟಾಂತ ಕೊಟ್ಟು ಬಿಡಿಸಿ ಹೇಳಿದಳು. ಅಡುಗೆಗೆ ನಿಂತಿದ್ದ ತಾಯಂದಿರೂ ಸೌಟು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ಕೇಳಿದರು. ಆ ಹೊತ್ತಿಗೆ ನಮ್ಮ ಸೈನ್ಸಿಗೂ ಅವಳ ಸೈನ್ಸಿಗೂ ನಡುವೆ ಇದ್ದ ಗೋಡೆ ನಮಗಂತೂ ಕಾಣಿಸಲಿಲ್ಲ.

ಮನೆಗೆ ಮರಳುವಾಗ ರೈಲಿನಲ್ಲಿ ಅವಳು ಕೇಳಿದಳು: “ಅಜ್ಜಾ, ನೀರಿನಾಗ ಆಮ್ಲಜನಕ ತಗದು ಗಂಧಕ ಇಟ್ಟರ ಲೆಕ್ಕ ಅದ ಬರತದ. ಆದರ ಕೋನ 92 ಅಂತ ಬರದಾರ. 104 ಯಾಕಿಲ್ಲ?”

ಪ್ರಶ್ನೆ ಪುಸ್ತಕದ್ದಲ್ಲ, ಅವಳದೇ. ಅಣು ಬಾಗಿದೆ, ಕೋನ 109.5ಕ್ಕಿಂತ ಕಡಿಮೆ ಎಂಬಷ್ಟನ್ನು ನಮ್ಮ ನಿಯಮ ಸರಿಯಾಗಿಯೇ ಹೇಳಿತು. ಎಷ್ಟು ಕಡಿಮೆ ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಗಂಧಕದ ಪರಮಾಣು ದೊಡ್ಡದು, ಜಲಜನಕಗಳು ದೂರ, ಅವುಗಳ ಜೋಡಿಗಳಿಗೆ ಪರಸ್ಪರ ನೂಕುನುಗ್ಗಲು ಕಡಿಮೆ ಎಂದು ತಿಳಿದಷ್ಟು ಹೇಳಿದೆವು. ಪೂರ್ತಿ ಉತ್ತರ ಬೇಕಾದರೆ ಬಲೂನು ಕೆಳಗಿಟ್ಟು ಕ್ವಾಂಟಮ್ ಗಣಿತದ ಬಾಗಿಲು ತಟ್ಟಬೇಕು. ಅದು ಮುಂದಿನ ವರ್ಷಗಳ ಪಾಠ ಎಂದೆವು.

“ಅಂದರ ನಾ ಕಲಿಯೂತನಕ ನೀವು ಇಲ್ಲೇ ಇರಬೇಕು ನೋಡ್ರಿ,” ಎಂದಳು.

ಇರುತ್ತೇವೆ ಎಂದೆವು. ವಾಚಕರ ಮನೆಯಲ್ಲೂ ಹನ್ನೊಂದನೆಯ ತರಗತಿಯ ಮಕ್ಕಳಿದ್ದರೆ, ಮುಂದಿನ ಹುಟ್ಟುಹಬ್ಬದಲ್ಲಿ ಉಳಿದ ಬಲೂನುಗಳನ್ನು ಒಡೆಯಲು ಬಿಡಬೇಡಿರಿ. ನಾಲ್ಕನ್ನು ಕಟ್ಟಿ ಅವರ ಕೈಗೆ ಕೊಡಿರಿ.